ಅರೆ ಗುಂಜಿ

ಮೊದಲು ಬೆಂಕಿ ಹೋಗಬೇಕು, ಎಂದಳು ಸುಲಕ್ಷಾ.
ನಲವತ್ತೊಂದು ವರ್ಷ ನಾನು ಊದಿದ ಅಗ್ಗಿಷ್ಟಿಕೆ
ಹಿತ್ತಲ ನುಗ್ಗೆಯ ಬುಡ ಸೇರಿತು.
ಮೂಸೆಗಳು ಗೋಣಿಚೀಲಕ್ಕೆ.
ದೇವರ ದೀಪ ಕೂಡ
ಒಳಕೋಣೆಗೆ, ಅಕ್ಕಿ ಡಬ್ಬದ ಪಕ್ಕಕ್ಕೆ.
ದೇವರು ಏನೂ ಅನ್ನಲಿಲ್ಲ.

ಆಮೇಲೆ ಬೆಂಚು.
ಹಬ್ಬುವಾಡದಿಂದ ಟೆಂಪೋದಲ್ಲಿ ಬಂದ ಮತ್ತಿಯ ಹಲಗೆ,
ಗೋಡೆಗೆ ನಾಲ್ಕು ಬೋಲ್ಟು.
'ಒರಗಿ ನೋಡು ಮಾವಾ, ಅಲ್ಲಾಡ್ತದಾ?'
ಒರಗಿದೆ, ಮೈಭಾರವೆಲ್ಲ ಬಿಟ್ಟು.
ಕಾಳಿಯ ಹಳೇ ಸೇತುವೆಯೇ
ಒಂದು ರಾತ್ರಿ ಹೊಳೆಗಿಳಿದ ಊರು ಇದು,
ಒಂದು ಹಲಗೆಯಾದರೂ ನಿಲ್ಲಲಿ.

ಅದರ ಮೇಲೆ ಹಸಿರು ಬಣ್ಣದ ಯಂತ್ರ,
ಉದ್ದ ಹಿಡಿಕೆ, ಗಿಡ್ಡ ಕತ್ತು,
ನಮ್ಮ ಆಯಿಯ ಶಾವಿಗೆ ಒರಳಿನ ತಮ್ಮನ ಹಾಗೆ.
ಬೀಗದ ಪೆಟ್ಟಿಗೆ ಎರಡು:
ಕೇಪಿಗೊಂದು, ಮದ್ದಿಗೊಂದು,
ಎರಡೂ ಖಾಲಿ. ಪರವಾನಗಿಯ ಕಾಗದ
ಡಿ.ಸಿ. ಆಫೀಸಿನ ಮೂರನೇ ಮೇಜಿನಲ್ಲಿದೆಯಂತೆ.
ಹವಾಲ್ದಾರ ಗುನಗಾ ಬಂದು ಬೀಗ ಜಗ್ಗಿ ನೋಡಿ
ಚಹಾ ಕುಡಿದು
'ಚಿನ್ನಕ್ಕಿಂತ ಭದ್ರ ಮಾಡೀರಿ' ಎಂದು ನಕ್ಕು ಹೋದ.

ಕಾಯುವಾಗ ಏನು ಮಾಡುವುದು?
ಹೋಲಿಸುವುದು.
ರೇಂಜಿನಿಂದ ಹೆಕ್ಕಿ ತಂದ ಖಾಲಿ ತೋಟೆಗಳನ್ನು
ಹಳೇ ಪೇಪರಿನ ಮೇಲೆ ಸುರಿದಳು,
ಮೂರು ಕಾರ್ಖಾನೆಯವು, ಒಂದೇ ಅಳತೆಯವು.
ಇಲ್ಲಿ ನನ್ನ ಕಣ್ಣಿಗೆ ಕೆಲಸ ಸಿಕ್ಕಿತು.
ಇದು ಕೆಂಪು, ತಾಮ್ರ ಜಾಸ್ತಿ.
ಇದು ಬಿಳಚಿ, ಸತು ಹಾಕಿ ಉಳಿಸಿದ್ದಾರೆ.
ಇದರ ಬಾಯಲ್ಲಿ ಕೂದಲೆಳೆ ಬಿರುಕು, ಬಿಸಾಕು.
ಇದಕ್ಕೆ ಆಗಲೇ ನಮ್ಮ ಉಪ್ಪುಗಾಳಿ ಕಚ್ಚಿದೆ,
ಅಂಚಿನಲ್ಲಿ ಹಸಿರು.
'ಭೂತಗನ್ನಡಿ ಬೇಡವಾ ಮಾವಾ?'
ಬೇಡ ಮಗಾ. ಕಲಬೆರಕೆ ನೋಡಿಯೇ ಮುದುಕನಾದವ.

ಅವಳ ಬ್ಯಾಟರಿ ತಕ್ಕಡಿ
ಬೈತಖೋಲದ ಕಡೆಯಿಂದ ಗಾಳಿ ಬಂದಾಗೆಲ್ಲ
ಅಂಕಿ ಬದಲಿಸುತ್ತಿತ್ತು, ಮಾತು ತಪ್ಪುವ ಗಿರಾಕಿಯ ಹಾಗೆ.
ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವೆತು,
ಕಡೆಗೆ ನನ್ನ ಬೀಟೆಯ ಪೆಟ್ಟಿಗೆ ತೆರೆದೆ.
ಸಣ್ಣ ತಟ್ಟೆ ಎರಡು, ರೇಷ್ಮೆ ದಾರ,
ಡಬ್ಬಿಯಲ್ಲಿ ಗುಲಗಂಜಿ.
ನಕ್ಕಳು. ಲೆಕ್ಕ ಹಾಕಿದಳು.
ಅವಳ ಎರಡು ಗ್ರೇನಿಗೆ
ನನ್ನ ಒಂದು ಗುಂಜಿ, ಚೂರು ಕಡಿಮೆ.

ನೂರು ಸೀಸದ ಗುಂಡು ತೂಗಿದೆವು.
ತೊಂಬತ್ತೊಂಬತ್ತು ಒಂದೇ ತಾಯಿಯವು.
ಒಂದು ಮಾತ್ರ
ಅರೆ ಗುಂಜಿ ಹಗುರ.
'ಬೇಡದ್ದು' ಎಂದು ಬರೆದ ತಗಡಿನ ಡಬ್ಬಿಗೆ ಠಣ್ಣೆಂದು ಬಿತ್ತು.
ಅರೆ ಗುಂಜಿ ತಾನೇ, ಅಂದೆ.
'ಗುಂಡಿನಲ್ಲಾದರೆ ಒಂದು ಅಂಕ ಹೋಗ್ತದೆ,
ಮದ್ದಿನಲ್ಲಿ ಹೆಚ್ಚಾದರೆ
ನನ್ನ ಬೆರಳು.'
ಅಡಿಕೆ ಕತ್ತರಿಸುವವಳ ಹಾಗೆ, ಅಷ್ಟು ಸಲೀಸಾಗಿ ಹೇಳಿದಳು.
ಹೇಳುತ್ತ ಹಿಡಿಕೆ ಒತ್ತಲು ಹೊರಟವಳು,
ತಾಗುತ್ತದೆಂದು, ಕೈಯ ಬಳೆ ಕಳಚಿ
ತಕ್ಕಡಿಯ ಪಕ್ಕದಲ್ಲಿಟ್ಟಳು.

ಅವಳ ಅಮ್ಮನ ಬಳೆ. ನನ್ನ ಅಕ್ಕನದು.
ಮದುವೆಗೆ ನಾನೇ ಮಾಡಿದ್ದು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು
ಊರು ನಗುವಾಗ ನಾನೂ ನಕ್ಕಿದ್ದೇನೆ,
ಎಲ್ಲರಿಗಿಂತ ಒಂದು ಕ್ಷಣ ಮೊದಲೇ.
ಆ ವರ್ಷ ಬಾಡಿಗೆ ಬಾಕಿ ಇತ್ತು.
ಅಕ್ಕ ತೂಕ ನೋಡಲಿಲ್ಲ, ನನ್ನ ಮುಖ ನೋಡಿದಳು,
ಚೆಂದ ಆಗಿದೆ ಅಂದಳು.
ಬಾಡಿಗೆ ಕಟ್ಟಿದ್ದು ಬೇರೆ ದುಡ್ಡಲ್ಲಿ.
ಆ ಚೂರು ಇನ್ನೂ ಇದೆ,
ಗುಂಜಿ ಡಬ್ಬಿಯ ತಳದಲ್ಲಿ, ಕಾಗದದ ಮಡಿಕೆಯಲ್ಲಿ.
ಅರೆ ಗುಂಜಿ.

ನನ್ನ ಕಳ್ಳತೂಕದಿಂದ
ಯಾರ ಬೆರಳೂ ಹೋಗಲಿಲ್ಲ.
ಅದೇ ಆ ಕಸುಬಿನ ಕೇಡು.

ಅವಳು ಹಿಡಿಕೆ ಒತ್ತಿದಳು, ಮದ್ದಿಲ್ಲದ ತೋಟೆ
ಸುಮ್ಮನೆ ಕೆಳಗಿಳಿದು ಮೇಲೆ ಬಂತು.
'ಕೈ ಪಳಗಲಿ ಅಂತ' ಅಂದಳು, ಇನ್ನೊಂದು ತೆಗೆದುಕೊಂಡಳು.

ರಾತ್ರಿ ಮಡಿಕೆ ಬಿಚ್ಚಿ ಕೂತೆ.
ಬೆಸೆಯಬಹುದು, ಹತ್ತು ನಿಮಿಷದ ಕೆಲಸ,
ಗುರುತೂ ಉಳಿಯದು. ಆದರೆ ಬೆಂಕಿ ಬೇಕು.
ಹಿತ್ತಲಲ್ಲಿ ನುಗ್ಗೆಯ ಬುಡದಲ್ಲಿ
ಅಗ್ಗಿಷ್ಟಿಕೆಯೊಳಗೆ ಬೆಕ್ಕು ಮರಿ ಹಾಕಿದೆ.

ಬೆಳಿಗ್ಗೆ ಅವಳು ಬರುವಾಗ
ಹಗುರ ಗುಂಡು ಒಂದು ತಟ್ಟೆಯಲ್ಲಿ,
ಸರಿಯಾದದ್ದು ಇನ್ನೊಂದರಲ್ಲಿ.
ಹಗುರದ ಬದಿಗೆ ಆ ಚೂರನ್ನು ಇಟ್ಟಿದ್ದೆ.
ಮುಳ್ಳು ನಡುವೆ ನಿಂತಿತ್ತು.
ಕಿಟಕಿ ತೆರೆಯಬೇಡ, ಅಂದೆ,
ಮೊದಲು ಕೂತುಕೋ.