ಅಣಬೆಗಳಿಗೆ ವರ್ಗವಾದ ದಿನ

ತಾರ್ತು ಪಟ್ಟಣದ ಸಸ್ಯಸಂಗ್ರಹಾಲಯದಲ್ಲಿ
ಮಾರ್ಚ್ ತಿಂಗಳ ಒಂದು ಮಂಗಳವಾರ
ಅಣಬೆಗಳಿಗೆ ವರ್ಗವಾಯಿತು.

ಆದೇಶ ಒಂದೇ ಸಾಲು:
ಇವು ಗಿಡಗಳಲ್ಲ, ಎರಡನೇ ಮಹಡಿ ತೆರವು ಮಾಡಿ.
ಲೋಕಕ್ಕೆ ಇದು ಗೊತ್ತಾಗಿ ಎಷ್ಟೋ ವರ್ಷವಾಗಿತ್ತು.
ಕಟ್ಟಡಕ್ಕೆ ಗೊತ್ತಾದದ್ದು ಈಗ,
ಅದೂ ಸೂರು ಸೋರಿದ್ದರಿಂದ.

ಹೊರಲು ಬಂದವರು ಉರ್ಮಾಸ್ ಮತ್ತು ಅವನ ಷಡ್ಡಕ.
ನೂರಾ ಹನ್ನೆರಡು ಡ್ರಾಯರು.
ಒಣಗಿದ ಅಣಬೆಗೆ ತೂಕವೇ ಇಲ್ಲ,
ತೂಕವೆಲ್ಲ ಓಕ್ ಮರದ ಬೀರುವಿನದು.
'ಗಿಡವಲ್ಲದ್ದನ್ನು ಹೊತ್ತರೂ
ಬೆನ್ನು ಮುರಿಯುವುದು ಮರವೇ' ಎಂದ ಷಡ್ಡಕ.
ವಾಯ್ಕೆ ನಗಲಿಲ್ಲ.
ಮೂವತ್ತೊಂದು ವರ್ಷದಿಂದ ಬೀಗದ ಕೈ ಅವಳ ಸೊಂಟದಲ್ಲಿ.

'ಹಾಗಾದರೆ ಇವು ಪ್ರಾಣಿಗಳೋ?'
ಮೆಟ್ಟಿಲ ತಿರುವಿನಲ್ಲಿ ಏದುತ್ತ ಕೇಳಿದ ಉರ್ಮಾಸ್.
'ಅಲ್ಲ. ಆದರೆ ಜರೀಗಿಡಕ್ಕಿಂತ, ಹಾವಸೆಗಿಂತ
ನಿನಗೇ ಹತ್ತಿರ. ದಾಯಾದಿ ಅನ್ನು.'
ಅವನು ಕೈಯ ಡ್ರಾಯರನ್ನು
ಮೈಯಿಂದ ಕೊಂಚ ದೂರ ಹಿಡಿದ.

(ನಾನು ಬರೆಯುವ ಭಾಷೆಯಲ್ಲಿ ಇದು ನಾಯಿಕೊಡೆ.
ನಾಯಿಯ ನಂಟನ್ನು ಮೊದಲು ಯಾರು ಮೂಸಿದರೋ.)

ವಾಯ್ಕೆಯ ಅಜ್ಜಿಗೆ ಇದ್ದದ್ದು ಮೂರೇ ವರ್ಗ:
ನೇರ ಬಾಣಲೆಗೆ ಬೀಳುವವು,
ಮೂರು ನೀರು ಕುದಿಸಿ ಚೆಲ್ಲಿದ ಮೇಲೆ
ಉಪ್ಪಿನ ಜಾಡಿಗೆ ಇಳಿಯುವವು,
ಮತ್ತೆ, ಪಕ್ಕದ ಮನೆಯ ಎಲ್ಮಾರನನ್ನು ಕೊಂಡೊಯ್ದದ್ದು.
ಅದಕ್ಕೆ ಹೆಸರು ಹೇಳುತ್ತಿರಲಿಲ್ಲ.
ಪೈನ್ ಕಾಡಿನಲ್ಲಿ ಕೋಲಿಂದ ತೋರಿಸಿ, ಉಗಿದು,
ಬುಟ್ಟಿ ಬದಲಿಸಿಕೊಂಡು ಮುಂದೆ ನಡೆಯುತ್ತಿದ್ದಳು.
ಆ ವಿಂಗಡಣೆ ತಪ್ಪಿದರೆ ತಿದ್ದುಪಡಿ ಇರಲಿಲ್ಲ.

ಇಲ್ಲಿ ಇದೆ.
ಎಪ್ಪತ್ತೇಳನೇ ಡ್ರಾಯರಿನಲ್ಲಿ ಒಂದು ಪೊಟ್ಟಣ,
ಒಳಗೆ ಒಂದು ಚಿಟಿಕೆ ಕಂದು ಚೂರು,
ಚಹಾಪುಡಿಯೆಂದರೆ ನಂಬಬೇಕು.
ಮೇಲೆ ನಾಲ್ಕು ಚೀಟಿ, ನಾಲ್ಕು ಹೆಸರು:
ಒಂದು, ಜರ್ಮನ್ ಪಾದ್ರಿಯೊಬ್ಬನ ಕೊಕ್ಕೆಯಕ್ಷರ;
ಒಂದು, ರಷ್ಯನ್ ಟೈಪ್‌ರೈಟರಿನದು, ಒಂದಕ್ಷರ ಸದಾ ಮೇಲೆ ಹಾರಿದ್ದು;
ಮೂರನೆಯದು ವಾಯ್ಕೆಯದೇ,
ಇಪ್ಪತ್ತೆಂಟರ ಹರೆಯದ ದುಂಡು ಬರಹ,
ಎಂಥ ಧೈರ್ಯ, ಪ್ರಶ್ನಾರ್ಥಕ ಚಿಹ್ನೆ ಕೂಡ ಇಲ್ಲ,
ಪೂರಾ ತಪ್ಪು.
ನಾಲ್ಕನೆಯದನ್ನು ಹೋದ ವರ್ಷ
ಒಂದು ಕಣ ಅರೆಸಿಕೊಂಡು ಯಂತ್ರ ಓದಿ ಹೇಳಿತು.

ಹಳೆ ಚೀಟಿ ಕೀಳಕೂಡದು, ಅದು ಇಲ್ಲಿಯ ನಿಯಮ.
ಹೊಸದನ್ನು ಕೆಳಗೆ ಅಂಟಿಸಬೇಕು.
ತಪ್ಪಿದವರೂ ಪೊಟ್ಟಣದ ಮೇಲೇ ಇರುತ್ತಾರೆ,
ತಪ್ಪಿದ ತಾರೀಖಿನ ಸಮೇತ.
ವಾಯ್ಕೆ ಆ ಡ್ರಾಯರನ್ನು ತಾನೇ ಹೊತ್ತು ಇಳಿದಳು.

ಮಧ್ಯಾಹ್ನ, ಕೆಳಗಿನ ಮೆಟ್ಟಿಲ ಮೇಲೆ ಮೂವರು.
ರೈ ರೊಟ್ಟಿ, ಈರುಳ್ಳಿ, ಹುಳಿ ಕೆನೆ,
ಅವಳ ಚೀಲದಿಂದ ಬಂತು ಒಂದು ಜಾಡಿ.
'ಇದು ಯಾವ ವರ್ಗ?' ಷಡ್ಡಕನ ಅನುಮಾನ.
'ಮೂರು ನೀರಿನದು.'

ಉರ್ಮಾಸ್ ಫೋರ್ಕಿನ ತುದಿಯ ದಾಯಾದಿಯನ್ನು
ಕಿಟಕಿಯ ಬೆಳಕಿಗೆ ಹಿಡಿದು ನೋಡಿದ,
ಯಾರ ಹೋಲಿಕೆಯೋ ಹುಡುಕುವವನ ಹಾಗೆ.
ಆಮೇಲೆ ತಿಂದ.
ಇನ್ನೊಂದು ಕೇಳಿದ.
ಮೇಲೆ ಇನ್ನೂ ನಲವತ್ತು ಡ್ರಾಯರು ಉಳಿದಿದ್ದವು.