ಅರವತ್ತು ಡಜನ್

ಗುರಿ ಅನ್ನುವ ಖಾನೆಯಲ್ಲಿ ಮೊದಲು ಬರೆದದ್ದು:
‘ನಮ್ಮ ಇಶಾಡು ಮಾವು ಎಲ್ಲರಿಗೂ ಗೊತ್ತಾಗಬೇಕು.’
ಬೀರಮ್ಮತ್ತೆ ಬುಟ್ಟಿಗೆ ಎಲೆ ಹಾಸುತ್ತ ಕೇಳಿದಳು,
‘ಎಲ್ಲರೂ ಅಂದ್ರೆ ಎಷ್ಟು ಡಜನ್ನು?’

ಎದ್ದು ಹೋಗಿ ಮರ ನೋಡಿದೆ.
ಮಳೆಗೆ ಮುಂಚೆ ಇಳಿಯುವುದು ಅರವತ್ತು,
ಮಂಗ ಬಿಟ್ಟರೆ.
ಸಿಪ್ಪೆಯೋ ತೆಳ್ಳಗೆ, ಮೂರೇ ದಿನದ ಮಾತು;
ಅಂಕೋಲೆಯಿಂದ ಹೊರಟು ಹುಬ್ಬಳ್ಳಿ ದಾಟಿದರೆ
ರಸವಷ್ಟೇ ತಲುಪುತ್ತದೆ.

ಒಂಬೈನೂರು ವಿಳಾಸ ಸೋಸಿದೆ.
ಹೋದ ವರ್ಷ ‘ಇನ್ನೊಂದು ಡಜನ್ ಇದೆಯಾ?’ ಎಂದವರು
ನಲವತ್ತೊಂದು.

ಅಳಿಸಿ ಬರೆದೆ:
ನಲವತ್ತೊಂದು ಇಮೇಲ್, ಅರವತ್ತು ಡಜನ್,
ಮೇ ಇಪ್ಪತ್ತರೊಳಗೆ.
ಉಳಿದವರಿಗೆ ಮುಂದಿನ ವರ್ಷ,
ಮರ ಒಪ್ಪಿದರೆ.

ಅತ್ತೆ ಎರಡು ಹಣ್ಣು ಬದಿಗಿಟ್ಟಳು:
‘ಇವು ಲೆಕ್ಕಕ್ಕಿಲ್ಲ. ತಿನ್ನು.’