ಕೊನೆಯ ಹನ್ನೆರಡು ನಿಮಿಷ

ಶಿರಗಿಕು-ಜಾ ಟಾಕೀಸಿನಲ್ಲಿ
ಬೂಟು ಕಳಚದೆ ಯಾರೂ ಒಳಗೆ ಹೋಗುವಂತಿಲ್ಲ.
ನೆಲದ ಚಾಪೆ ಹೋಗಿ ಕುರ್ಚಿ ಬಂದು ಅರವತ್ತು ವರ್ಷವಾಯಿತು;
ಕಾರಣ ಹೋಯಿತು, ಕಳಚುವುದು ಉಳಿಯಿತು.

ಬಾಗಿಲ ಪಕ್ಕ ನೂರಾ ನಲವತ್ತು ಮರದ ಗೂಡು,
ಅವುಗಳ ಮುಂದೆ ತ್ಸುನೆಯೊ.
ಜೋಡಿಗೊಂದು ಮರದ ಬಿಲ್ಲೆ ಕೊಡುತ್ತಾಳೆ,
ಇ, ರೊ, ಹ ಎಂದು ಹಳೆಯ ಅಕ್ಷರಕ್ರಮ.
ಬೆರಳು ತಾಗಿ ತಾಗಿ ಶಾಯಿ ಅಳಿಸಿದೆ.
ಅವಳು ಓದುವುದಿಲ್ಲ, ಸವರಿ ಹೇಳುತ್ತಾಳೆ.

ನಾನು ಮೇಲೆ, ಮೆಷಿನ್ ಕೋಣೆಯಲ್ಲಿ.
ನನ್ನ ಮೊಣಕೈ ಹತ್ತಿರ ಒಂದು ಹುರಿ,
ಗೋಡೆಯ ತೂತಿನಲ್ಲಿ ಇಳಿದು, ತೊಲೆ ಬಳಸಿ,
ಅವಳ ತಲೆಯ ಮೇಲಿನ ಹಿತ್ತಾಳೆ ಗಂಟೆಗೆ ಸೇರುತ್ತದೆ.
ಕೊನೆಯ ರೀಲು ಏರಿದ ಕೂಡಲೇ ಒಮ್ಮೆ ಎಳೆಯಬೇಕು.
ನನಗೆ ಕೆಲಸ ಕಲಿಸಿದ ಇಸಾಬುರೊ ಹೇಳಿದ್ದು ಇಷ್ಟೇ:
"ಫೋಕಸ್ ತಪ್ಪಿದರೆ ಜನ ಬೈಯುತ್ತಾರೆ,
ಹುರಿ ಮರೆತರೆ ಅವರ ಕಾಲು ಬೈಯುತ್ತವೆ."

ಗಂಟೆ ಬಿದ್ದರೆ ಇನ್ನು ಹನ್ನೆರಡು ನಿಮಿಷ.
ಅಷ್ಟರಲ್ಲಿ ಎಲ್ಲ ಜೋಡನ್ನೂ ಇಳಿಸಿ
ಸೀಮೆಎಣ್ಣೆ ಒಲೆಯ ಸುತ್ತ ಹರಡಿ
ಬೆಚ್ಚಗಾದವನ್ನು ಹೊಸ್ತಿಲಿಗೆ ತಂದು
ಮೂತಿ ಬೀದಿಯ ಕಡೆ ತಿರುಗಿಸಿಡುತ್ತಾಳೆ.
ಹೊರಗೆ ಎಚಿಗೊದ ಹಿಮ, ಎದೆಮಟ್ಟ.

ಒಂದು ಸಿನಿಮಾವನ್ನೂ ಅವಳು ಪೂರ್ತಿ ನೋಡಿದವಳಲ್ಲ.
ಆದರೂ ಹೇಗಿತ್ತೆಂದು ಅವಳನ್ನೇ ಕೇಳಬೇಕು.
ಒಳ್ಳೆಯದಾದರೆ ಲೇಸು ಕಟ್ಟಲು ತಡ ಮಾಡುತ್ತಾರಂತೆ,
ತೀರಾ ಒಳ್ಳೆಯದಾದರೆ
ಬೇರೆಯವರ ಬೂಟಿಗೆ ಕಾಲು ತೂರಿಸುತ್ತಾರಂತೆ.
ಕೆಟ್ಟ ಸಿನಿಮಾದ ದಿನ
ಎಲ್ಲರಿಗೂ ತಮ್ಮ ತಮ್ಮದು ಚೆನ್ನಾಗಿ ಗೊತ್ತಿರುತ್ತದೆ.

ಆಮೇಲೆ ರೀಲು ಹೋಯಿತು.
ಫ್ರಿಜ್ಜಿನಂಥ ಪೆಟ್ಟಿಗೆಯೊಂದು ಬಂತು, ಗುಂಯ್ ಎನ್ನುತ್ತದೆ,
ಅದಕ್ಕೆ ಕೊನೆಯ ರೀಲಿಲ್ಲ, ಮೊದಲನೆಯದೂ ಇಲ್ಲ.
ಕೂರಿಸಲು ಬಂದ ಹುಡುಗ ಹುರಿಗೆ ಕತ್ತರಿ ಹಿಡಿದ.
"ಅದು ಕರೆಂಟಿನದಲ್ಲ ಕಣೋ," ಎಂದೆ, "ಕಾಲಿನದು."
ಅರ್ಥವಾಗಲಿಲ್ಲ ಅವನಿಗೆ; ಬಿಟ್ಟ.
ಈಗ ನನ್ನ ಬಳಿ ಅಡುಗೆಮನೆಯ ಗಡಿಯಾರವಿದೆ.

ಈ ಚಳಿಗಾಲಕ್ಕೆ ತ್ಸುನೆಯೊಗೆ ಎಂಬತ್ತೊಂದು. ಮಂಡಿ ಮಡಚಲು ಬರುತ್ತಿಲ್ಲ.
ಗೂಡಿನ ಮುಂದೆ ಮೀನಂಗಡಿಯ ಹುಡುಗಿ ಹೊನೊಕಾ,
ಚೂಯಿಂಗ್ ಗಮ್ ಅಗಿಯುತ್ತಾ, ಎಡ ಬಲ ಅದಲುಬದಲು ಮಾಡುತ್ತಾ ಕಲಿಯುತ್ತಿದ್ದಾಳೆ.
ಮುದುಕಿಯನ್ನು ಕೈಹಿಡಿದು ಒಳಗೆ ಕೂರಿಸಿದೆವು,
ಮೂರನೇ ಸಾಲು, ನಟ್ಟನಡುವೆ.
ತನ್ನದೇ ಬಿಲ್ಲೆಯೊಂದು ಮೊದಲ ಸಲ ಅವಳ ಮುಷ್ಟಿಯಲ್ಲಿ.
ಕಿಂಡಿಯಿಂದ ಅವಳ ತಲೆ ಕಾಣುತ್ತಿತ್ತು,
ಬೆಳಕು ಬಂದಾಗ ಬೆಳ್ಳಗೆ, ಹೋದಾಗ ಇಲ್ಲ.
ಹಡಗಿನವನು ಊರಿಗೆ ಬಂದ. ಹೆಂಡತಿ ಬಾಗಿಲು ತೆರೆಯಲಿಲ್ಲ.
ತ್ಸುನೆಯೊ ನಕ್ಕದ್ದು ನನ್ನ ಕೋಣೆಯವರೆಗೆ ಕೇಳಿಸಿತು.

ಗಡಿಯಾರ ನೋಡಿ ಹುರಿ ಎಳೆದೆ.

ಮೂರನೇ ಸಾಲಿನ ನಡುವೆ ಅವಳು ಎದ್ದು ನಿಂತಳು.
ಹಿಂದಿನವರು ಶ್ ಎಂದರು.
ಕತ್ತಲಲ್ಲಿ ಒಬ್ಬರ ಕಾಲನ್ನೂ ತುಳಿಯದೆ
ಸಾಲು ದಾಟಿ ಹೊರಗೆ ಹೋದಳು.

ಷೋ ಬಿಟ್ಟ ಮೇಲೆ ಕೆಳಗಿಳಿದೆ.
ಮುದುಕಿ ಸ್ಟೂಲಿನ ಮೇಲೆ, ಹುಡುಗಿ ನೆಲದ ಮೇಲೆ,
ಕೈಯಲ್ಲಿ ಯಾರದೋ ಚಕ್ಕಳದ ಬೂಟು.
"ಒಳಗೆ ಕೈ ಹಾಕಿ ನೋಡಬೇಕು," ಎನ್ನುತ್ತಿದ್ದಳು ಮುದುಕಿ,
"ಹೊರಗೆ ಮುಟ್ಟಿದರೆ ಸುಳ್ಳು ಹೇಳುತ್ತದೆ."

ಕೊನೆಗೆ ಬಾಗಿಲು ತೆರೆದಳು, ಗೊತ್ತೇ, ಎಂದೆ.
"ಗೊತ್ತು. ಇದರ ಯಜಮಾನ
ಇನ್ನೊಬ್ಬರ ಬೂಟು ಮೆಟ್ಟಿಕೊಂಡು ಹೋದ.
ನಾಳೆ ತಂದುಕೊಡುತ್ತಾನೆ."